ಬೋಳಿಸೋಕೆ ಅದೇನು ತಲೆಯಾ?

ಮೊನ್ನೆ ಸಂಜೆ ಹಾಲು ತರೋಕೆ ಅಂತ ಹೊರಟವನು ನಮ್ಮ ಸತ್ಯನಾರಾಯಣಪೇಟೆಯ ಒಂದು ಕ್ರಾಸಿನಲ್ಲಿ ಹಾಗೇ ನಿಂತುಬಿಟ್ಟೆ. ಒಂದೇ ಸಾಲಿನಲ್ಲಿ ಐದು ಮರ. ಐದಕ್ಕೂ ತಲೆ ಇಲ್ಲ. ಆಳೆತ್ತರದ ಬೊಡ್ಡೆ, ಅದರ ಮೇಲೆ ಎರಡು ಮೂರು ಮೋಟು ಕೈಗಳು, ಆ ಕೈಗಳ ತುದಿಗೆ ತಟ್ಟೆಯಗಲ ಬಿಳೀ ಗಾಯ. ಒಂದು ಮರದ ಗಾಯಕ್ಕೆ ನೀಲಿ ಪೇಂಟು ಬೇರೆ ಬಳಿದಿದ್ರು (ಗೇಟಿಗೆ ಹೊಡೆದು ಉಳಿದದ್ದಿರಬೇಕು, ಗೇಟೂ ಅದೇ ನೀಲಿ!).

ಗೇಟಿನ ಹತ್ತಿರ ಯಜಮಾನರು ನಿಂತಿದ್ರು. ಮುಖ ಪರಿಚಯ. "ಏನ್ ಸಾರ್ ಇದು?" ಅಂದೆ.

"ಕಟಿಂಗ್ ಮಾಡಿಸಿದ್ವಿ ಸಾರ್. ಎಲಿ ಭಾಳ ಉದುರ್ತಿದ್ವು. ಈಗ ನೋಡ್ರಿ, ಎಷ್ಟ್ ಕ್ಲೀನ್ ಆಗೈತಿ!"

ಕ್ಲೀನ್ ಆಗಿತ್ತು, ಅದೇನೂ ಸುಳ್ಳಲ್ಲ. ಸಂಜೆ ಐದೂವರೆಗೂ ಬಿಸಿಲು ಅವರ ಹಾಲ್‌ನೊಳಗೆ ಸೀದಾ ಹೋಗಿ ಸೋಫಾ ಮೇಲೆ ಕೂತಿತ್ತು. ಒಳಗೆ ಎ.ಸಿ. ಓಡ್ತಿತ್ತು.

ಕಟಿಂಗ್! ನಮ್ಮೂರಲ್ಲಿ ಎಲ್ಲರೂ ಹಾಗೇ ಅನ್ನೋದು. ತಲೆ ಕಟಿಂಗ್, ಗಿಡ ಕಟಿಂಗ್. (ಬೇರೆ ಊರಿನವರಿಗೆ: ನಮ್ಮ ಕಡೆ ಐವತ್ತು ಅಡಿ ಮರಕ್ಕೂ 'ಗಿಡ' ಅಂತಲೇ ಅನ್ನೋದು.) ನನ್ನ ಸಿಟ್ಟೆಲ್ಲ ಈ ಒಂದು ಪದದ ಮೇಲೆ. ಕೂದಲು ಸತ್ತ ವಸ್ತು ಸ್ವಾಮೀ, ಕತ್ತರಿಸಿದರೆ ನೋವಿಲ್ಲ, ನಷ್ಟ ಇಲ್ಲ, ಮತ್ತೆ ಬರುತ್ತೆ. ಎಲೆ ಅಂದ್ರೆ ಮರದ ಅಡುಗೆಮನೆ. ಬೇರು ನೀರು ತರುತ್ತೆ ಅಷ್ಟೇ, ಊಟ ತಯಾರಾಗೋದು ಎಲೆಯಲ್ಲಿ. ಒಂದೇ ದಿನ ಅಷ್ಟೂ ಎಲೆ ತೆಗೆದರೆ ಏನಾಗುತ್ತೆ? ಹಸಿವಾದ ಮರ, ಟೊಂಗೆ, ಬೊಡ್ಡೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಬಳಿದು, ತೊಗಟೆ ಕೆಳಗೆ ಮಲಗಿದ್ದ ಮೊಗ್ಗುಗಳನ್ನ ಎಬ್ಬಿಸಿ, ಸಿಕ್ಕ ಸಿಕ್ಕಲ್ಲಿ ಚಿಗುರು ತಳ್ಳುತ್ತೆ. ಆ ಪೊರಕೆಯಂಥ ಚಿಗುರು ನೋಡಿ ನಾವು "ನೋಡು, ಹೆಂಗ್ ಚಿಗುರೈತಿ!" ಅಂತ ಖುಷಿ ಪಡ್ತೀವಿ. ಅದು ಖುಷಿಯ ಚಿಗುರಲ್ಲ. ಬ್ಯಾಂಕಿನ ಎಫ್.ಡಿ. ಮುರಿಸಿ ಆಸ್ಪತ್ರೆ ಬಿಲ್ಲು ಕಟ್ಟೋರ ಹಾಗೆ ಅದು.

ಇಷ್ಟೆಲ್ಲ ಗೊತ್ತಿರೋನ ಹಾಗೆ ಬರೀತಿದ್ದಾನಲ್ಲ, ಇವನ್ಯಾವ ಊರ ದೊಣ್ಣೆನಾಯಕ ಅಂತ ನೀವು ಕೇಳಬಹುದು. ಹೇಳ್ತೀನಿ. ನಾನು ಒಂದು ಬೇವಿನ ಮರ ಕೊಂದವನು. ಅದೊಂದೇ ನನ್ನ ಅರ್ಹತೆ.

ನಮ್ಮ ಮನೆ ಮುಂದಿನ ಬೇವು ಅಪ್ಪ ಹಚ್ಚಿದ್ದು. ನಾನು ಹೈಸ್ಕೂಲಿಗೆ ಬರೋ ಹೊತ್ತಿಗೆ ಅದು ಮಾಳಿಗೆ ದಾಟಿತ್ತು. ಬಳ್ಳಾರಿ ಬೇಸಿಗೆ ಹೆಂಗಿರುತ್ತೆ ಅಂತ ಗೊತ್ತಲ್ಲ, ನಲವತ್ತು ಡಿಗ್ರಿ ದಾಟೋದು ನಮಗೆ ಸುದ್ದಿಯೇ ಅಲ್ಲ, ಎರಡೂ ಕಡೆ ಬಂಡೆಗುಡ್ಡ ಕಾದು ರಾತ್ರಿಯೆಲ್ಲ ಬಿಸಿ ಉಗುಳುತ್ತವೆ. ಅಂಥ ಊರಲ್ಲಿ ಮಧ್ಯಾಹ್ನ ಅಮ್ಮ ಹೊರಗೆ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸ್ತಿದ್ಲು. ತರಕಾರಿ ಗಾಡಿಯವರು ಅಲ್ಲೇ ನಿಲ್ಲಿಸಿ ಉಸಿರು ಬಿಡ್ತಿದ್ರು. ಯುಗಾದಿಗೆ ಆ ಸಾಲಿನ ಅಷ್ಟೂ ಮನೆಗೆ ಬೇವಿನ ಹೂ ನಮ್ಮ ಗಿಡದ್ದೇ.

2021ರ ಮಳೆಗಾಲ ಮುಗಿಯೋ ಹೊತ್ತಿಗೆ ಅದರ ತುದಿಗಳೆಲ್ಲ ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿದವು. ನಮ್ಮದೊಂದೇ ಅಲ್ಲ, ಆ ರಸ್ತೆಯ ಇನ್ನೆರಡು ಬೇವೂ ಹಾಗೇ ಆದವು. ಆ ವರ್ಷ ತೆಲಂಗಾಣದಲ್ಲೂ ಬೇವಿನ ಮರಗಳು ಸಾಲುಸಾಲಾಗಿ ಒಣಗ್ತಿವೆ ಅಂತ ಪೇಪರಿನಲ್ಲಿ ಬಂದಿತ್ತು. ಅದು ಫೋಮಾಪ್ಸಿಸ್ ಅನ್ನೋ ಶಿಲೀಂಧ್ರದ ಕಾಟ, ಎಳೆ ತುದಿಗಳನ್ನ ಹಿಡಿಯುತ್ತೆ, ನೋಡೋಕೆ ಮರವೇ ಸತ್ತ ಹಾಗೆ ಕಾಣುತ್ತೆ, ಆದ್ರೆ ಬಹುತೇಕ ಮರಗಳು ಮುಂದಿನ ಚಿಗುರಿನಲ್ಲಿ ಚೇತರಿಸಿಕೊಳ್ಳುತ್ತವೆ... ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ನಾನು ಮಾಡಿದ್ದೇನು? ಕಟ್ಟಿಗೆಯವನನ್ನ ಕರೆದೆ.

ಅವನು ಬಂದ, ಮೇಲೆ ನೋಡಿದ, ಬೀಡಿ ಹಚ್ಚಿದ. "ರೋಗ ಬಂದೈತಿ ಸಾರ್. ಮ್ಯಾಲಿನದೆಲ್ಲಾ ಬೋಳಿಸಿ ಬಿಡಾನು. ಮಳಿ ಬಿದ್ದ ಮ್ಯಾಲೆ ಹೊಸಾದು ಬರ್ತತಿ."

"ಎಷ್ಟಾಗುತ್ತಣ್ಣ?"

"ಮೂರು ಸಾವಿರ ಕೊಡ್ರಿ. ಕಟ್ಟಿಗಿ ನಂಗ ಬಿಟ್ರೆ ಒಂದೂವರಿ."

ನಾನು ಒಂದೂವರೆಗೆ ಒಪ್ಪಿದೆ. ಗೆಳೆಯರೇ, ಈ ಒಂದು ಸಾಲನ್ನ ದಯವಿಟ್ಟು ಇನ್ನೊಂದು ಸಲ ಓದಿ. ನಮ್ಮ ಊರುಗಳಲ್ಲಿ ಮರಗಳು ಸಾಯ್ತಿರೋ ಗುಟ್ಟು ಪೂರ್ತಿ ಇದರಲ್ಲೇ ಇದೆ. ಕೂಲಿ ಕಡಿಮೆ ಮಾಡೋಕೆ ಕಟ್ಟಿಗೆ ಅವನಿಗೆ ಕೊಟ್ಟೆ. ಅಂದ್ರೆ ಅವನ ನಿಜವಾದ ಕೂಲಿ ಕಟ್ಟಿಗೆಯಲ್ಲಿದೆ. ಕಡ್ಡಿಯಂಥ ಒಣತುದಿ ತೆಗೆದರೆ ಅವನಿಗೆ ಏನೂ ಗಿಟ್ಟಲ್ಲ, ತೊಡೆ ಗಾತ್ರದ ಹಸಿ ಟೊಂಗೆ ತೆಗೆದರೆ ಗಿಟ್ಟುತ್ತೆ. ಹಲ್ಲಿನ ಡಾಕ್ಟ್ರಿಗೆ "ಫೀಸ್ ಬೇಡ, ಕಿತ್ತ ಹಲ್ಲೆಲ್ಲ ನಿಮಗೇ, ಮಾರ್ಕೊಳ್ಳಿ" ಅಂದ್ರೆ ನಮ್ಮ ಬಾಯಲ್ಲಿ ಎಷ್ಟು ಹಲ್ಲು ಉಳೀತಾವೆ? ಅವನನ್ನ ಬೈದು ಏನು ಪ್ರಯೋಜನ. ವ್ಯಾಪಾರ ಹಾಗೆ ಕುದುರಿಸಿದವನು ನಾನು.

2022ರ ಫೆಬ್ರವರಿಯಲ್ಲಿ ಒಂದೇ ಬೆಳಗ್ಗೆ ಮರ ಬೋಳಾಯಿತು. ಇನ್ನೇನು ಬೇಸಿಗೆ. ವರ್ಷಗಟ್ಟಲೆ ನೆರಳಲ್ಲೇ ಇದ್ದ ತೊಗಟೆಗೆ ಮಾರ್ಚ್, ಏಪ್ರಿಲ್, ಮೇ ಬಿಸಿಲು ನೇರ ಬಡೀತು. ಪಶ್ಚಿಮದ ಕಡೆ ತೊಗಟೆ ಉದ್ದಕ್ಕೆ ಸೀಳಿತು. ಮಳೆ ಬಂದ ಮೇಲೆ ಅವನು ಹೇಳಿದ ಹಾಗೆ ಚಿಗುರೂ ಬಂತು, ಒಂದೊಂದು ಮೋಟಿನ ಸುತ್ತ ಇಪ್ಪತ್ತು ಮೂವತ್ತು ಕೋಲು. ನನಗೂ ಸಮಾಧಾನ ಆಯಿತು. ಆದರೆ ಇಂಥ ಚಿಗುರು ಹಳೇ ಟೊಂಗೆಯ ಹಾಗೆ ಬೊಡ್ಡೆಯ ಒಳಗಿನಿಂದ ಬೆಸೆದುಕೊಂಡು ಬಂದದ್ದಲ್ಲ, ಮೇಲ್ಮೈಗೆ ಅಂಟಿಸಿದ ಹಾಗಿರುತ್ತೆ. ಎರಡು ವರ್ಷದಲ್ಲಿ ತೋಳಿನ ಗಾತ್ರ ಆದವು. ಬುಡದಲ್ಲಿ ಮಾತ್ರ ಆ ಮೋಟು ಕೊಳೀತಾ ಬಂತು. 2024ರ ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿಮಳೆ ಬಂತಲ್ಲ, ಧೂಳೆಬ್ಬಿಸಿಕೊಂಡು... ಒಂದು ಕಡೆಯ ಗೊಂಚಲು ಪೂರ್ತಿ ಕಿತ್ತುಕೊಂಡು ಪಕ್ಕದ ಮನೆಯವರ ಸ್ಕೂಟಿ ಮೇಲೆ ಬಿತ್ತು. ಸ್ಕೂಟಿ ಹೋಯ್ತು, ಪುಣ್ಯಕ್ಕೆ ಅದರ ಮೇಲೆ ಯಾರೂ ಇರಲಿಲ್ಲ. ಅರ್ಧ ಗಂಟೆ ಮುಂಚೆ ಅವರ ಮಗಳು ಟ್ಯೂಷನ್ನಿನಿಂದ ಬಂದು ಅದನ್ನ ಅಲ್ಲಿ ನಿಲ್ಲಿಸಿದ್ಲು.

ಕಿತ್ತುಹೋದ ಜಾಗದಲ್ಲಿ ಇಣುಕಿ ನೋಡಿದೆ. ಒಳಗೆ ಪೊಳ್ಳು. ಗೆದ್ದಲು. ಅಂಚಿನಲ್ಲಿ ಕಿವಿಯಂಥ ಅಣಬೆ. ಬೋಳಿಸಿದ ದಿನ ಆ ಜಾಗ ಕಲ್ಲಿನ ಹಾಗೆ ಗಟ್ಟಿ ಇತ್ತು, ಗರಗಸ ಓಡ್ತಿರಲಿಲ್ಲ ಅಂತ ಅವನು ಗೊಣಗಿದ್ದು ನನಗೆ ನೆನಪಿದೆ.

ಆ ಇನ್ನೆರಡು ಬೇವು? ಅದರ ಮನೆಯವರು ಏನೂ ಮಾಡಿರಲಿಲ್ಲ. ಸೋಮಾರಿತನವೋ, ದುಡ್ಡಿರಲಿಲ್ಲವೋ ಗೊತ್ತಿಲ್ಲ. 2022ರ ಯುಗಾದಿ ಹೊತ್ತಿಗೆ ಎರಡೂ ಹಸಿರಾಗಿದ್ದವು. ಈಗ ನಮ್ಮಮ್ಮ ಯುಗಾದಿ ಬೆಳಗ್ಗೆ ಒಂದು ತಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಹೂ ಕೇಳಿ ತರ್ತಾಳೆ. ಆ ಮನೆಯ ಅಜ್ಜಿ ಮೊದಲ ವರ್ಷ ನನ್ನ ಕರೆದು ಒಂದೇ ಮಾತು ಕೇಳಿದ್ಲು: "ತಮ್ಮಾ, ಕಡಿಸೋಕಿಂತ ಮೊದ್ಲು ಒಂದು ಯುಗಾದಿ ತನಕ ಕಾಯಕ್ಕಾಗ್ಲಿಲ್ಲೇನಪ?"

ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ಬರೀಲೇಬೇಕು, ಇದು ಮರಕ್ಕಿಂತ ದೊಡ್ಡದು. ಅವತ್ತು ಅವನು ಮರ ಹತ್ತಿದ್ದು ಬರಿಗಾಲಲ್ಲಿ. ಲುಂಗಿ ಎತ್ತಿ ಕಟ್ಟಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು. ತಲೆಗೆ ಟವಲ್. ಹಗ್ಗ ಇತ್ತು, ಟೊಂಗೆ ಕಟ್ಟೋಕೆ, ಅವನಿಗಲ್ಲ. ಎರಡು ಮಾರು ದೂರದಲ್ಲಿ ಕರೆಂಟಿನ ತಂತಿ. ಲೈನು ಬಂದ್ ಮಾಡಿಸಬೇಕು, ಅದಕ್ಕೆ ಮೊದಲೇ ಹೇಳಿಡಬೇಕು ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ಹಸಿ ಟೊಂಗೆ ತಂತಿಗೆ ತಾಗಿದ್ರೆ ಅದರಲ್ಲೂ ಕರೆಂಟು ಹರಿಯುತ್ತೆ ಅಂತ ಎಸ್ಸೆಲ್ಸಿ ಹುಡುಗನಿಗೂ ಗೊತ್ತು. ಅಂಥ ಕೆಲಸಕ್ಕೆ ನಾನು ಅವನಿಗೆ ಒದಗಿಸಿದ ಸುರಕ್ಷಾ ಸಾಧನ ಅಂದ್ರೆ ಒಂದು ಲೋಟ ಚಹಾ. ಬಿದ್ದಿದ್ರೆ? ನಾನು "ಪಾಪ" ಅಂತಿದ್ದೆ, ಆಸ್ಪತ್ರೆಗೆ ಸಾವಿರ ರೂಪಾಯಿ ಕೊಡ್ತಿದ್ದೆ, ಆಮೇಲೆ ಬಾಗಿಲು ಹಾಕ್ಕೊಳ್ತಿದ್ದೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನ ಹೆಸರು ನಾನು ಕೇಳಿರಲಿಲ್ಲ ಅನ್ನೋದು ಇದನ್ನ ಬರೆಯೋವಾಗ ಹೊಳೀತಿದೆ.

ಬೇರೆ ದೇಶಗಳಲ್ಲಿ ಇದೊಂದು ಕಲಿತು ಮಾಡೋ ಕಸುಬು. ಆರ್ಬರಿಸ್ಟ್ ಅಂತಾರೆ. ಅಮೆರಿಕಾದಲ್ಲಿ ಈ ಕಸುಬಿನವರು 1924ರಲ್ಲೇ ಸಂಘ ಕಟ್ಟಿಕೊಂಡ್ರು, ಈಗ ಅದು ಅಂತರರಾಷ್ಟ್ರೀಯ ಸಂಘ, ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುತ್ತೆ. ಹೆಲ್ಮೆಟ್ಟು, ಸೊಂಟಪಟ್ಟಿ, ತನಗೊಂದು ಹಗ್ಗ ಟೊಂಗೆಗೊಂದು ಹಗ್ಗ, ಇದೆಲ್ಲ ಇಲ್ಲದೆ ಮರ ಹತ್ತೋ ಹಾಗಿಲ್ಲ.

ಅಲ್ಲಿನ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೊ (1930-2006) ಅಂತ ಒಬ್ಬ ವಿಜ್ಞಾನಿ ಇದ್ರು. ಅಲ್ಲಿಯವರೆಗೆ ಮರದ ರೋಗ ನೋಡೋರು ಅಡ್ಡಡ್ಡ ಕೊಯ್ದು ನೋಡ್ತಿದ್ರು. ಈ ಮನುಷ್ಯ ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನ ಉದ್ದುದ್ದ ಸೀಳಿ ನೋಡಿದ್ರು. ಅವರು ಕಂಡುಕೊಂಡದ್ದು ಇಷ್ಟು: ಮರದ ಗಾಯ ನಮ್ಮ ಗಾಯದ ಹಾಗೆ ವಾಸಿಯಾಗಲ್ಲ. ಹಾಳಾದ ಕೋಶಗಳ ಜಾಗದಲ್ಲಿ ಹೊಸದು ಹುಟ್ಟಲ್ಲ. ಮರ ಏನು ಮಾಡುತ್ತೆ ಅಂದ್ರೆ, ಕೊಳೆತದ್ದರ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನ ಅಲ್ಲೇ ಬಂಧಿಸಿಟ್ಟು, ಹೊರಗಿನಿಂದ ಹೊಸ ಪದರ ಬೆಳೆಸಿಕೊಂಡು ಹೋಗುತ್ತೆ. ಅಂದ್ರೆ ನಾವು ಮಾಡಿದ ಪ್ರತಿ ಗಾಯವೂ ಮರದೊಳಗೆ ಕೊನೇತನಕ ಇರುತ್ತೆ. ಸಣ್ಣ ಗಾಯ ಆದ್ರೆ ಗೋಡೆ ಕಟ್ಟೋದು ಸುಲಭ. ಬೊಡ್ಡೆಯನ್ನೇ ಅಡ್ಡಕ್ಕೆ ಕತ್ತರಿಸಿದ್ರೆ, ಗೋಡೆ ಮುಗಿಯೋದ್ರೊಳಗೆ ಶಿಲೀಂಧ್ರ ಮುಂದೆ ಹೋಗಿರುತ್ತೆ.

ಹಾಗಾಗಿ ಎಲ್ಲಿ ಕತ್ತರಿಸಬೇಕು ಅನ್ನೋದೇ ವಿದ್ಯೆ. ಯಾವುದಾದ್ರೂ ಮರದ ಹತ್ತಿರ ಹೋಗಿ ಟೊಂಗೆ ಹುಟ್ಟೋ ಜಾಗ ನೋಡಿ, ಬುಡದಲ್ಲಿ ಸ್ವಲ್ಪ ಉಬ್ಬಿರುತ್ತೆ, ಅಂಗಿಯ ಕಾಲರ್ ಇದ್ದ ಹಾಗೆ. ಗೋಡೆ ಕಟ್ಟೋ ಶಕ್ತಿ ಇರೋದು ಅಲ್ಲಿ. ಆ ಕಾಲರ್ ಉಳಿಸಿ, ಅದರ ಹೊರಗೆ ಕತ್ತರಿಸಬೇಕು. ಬೊಡ್ಡೆಗೆ ಸಪಾಟಾಗಿ ಕೆತ್ತಿದ್ರೂ ತಪ್ಪು, ಒಂದಡಿ ಮೋಟು ಬಿಟ್ರೂ ತಪ್ಪು. ದಪ್ಪ ಟೊಂಗೆ ಆದ್ರೆ ಒಂದೇ ಏಟಿಗೆ ಕಡಿಯೋ ಹಾಗಿಲ್ಲ, ಅರ್ಧ ಕಡಿಯೋದ್ರಲ್ಲಿ ಭಾರಕ್ಕೆ ಜಗ್ಗಿ ತೊಗಟೆಯನ್ನ ಕೆಳತನಕ ಸುಲ್ಕೊಂಡು ಬರುತ್ತೆ. ಮೊದಲು ಬೊಡ್ಡೆಯಿಂದ ಒಂದಡಿ ಆಚೆ ಕೆಳಗಡೆಯಿಂದ ಮೂರನೇ ಒಂದು ಭಾಗ ಕೊಯ್ದು, ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಟೊಂಗೆ ಕೆಡವಬೇಕು. ಕೊನೆಗೆ ಉಳಿದ ಮೋಟನ್ನ ಕಾಲರ್ ಹತ್ತಿರ ನಿಧಾನಕ್ಕೆ ತೆಗೀಬೇಕು. ಮಚ್ಚಿನಲ್ಲಿ ಅಲ್ಲ, ಗರಗಸದಲ್ಲಿ. ಒಂದು ವರ್ಷಕ್ಕೆ ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೀಬಾರದು, ಮುದಿ ಮರ ಆದ್ರೆ ಅದಕ್ಕಿಂತಲೂ ಕಡಿಮೆ. ಗಾಯಕ್ಕೆ ಪೇಂಟು, ಡಾಂಬರು, ಸಿಮೆಂಟು ಏನೂ ಬೇಡ. ಅದರಿಂದ ಕೊಳೆಯೋದು ನಿಲ್ಲಲ್ಲ ಅನ್ನೋದನ್ನೂ ಶೈಗೊ ಅವರೇ ತೋರಿಸಿಕೊಟ್ಟದ್ದು. ನೀಲಿ ಗೇಟಿನ ಯಜಮಾನರಿಗೆ ಇದನ್ನ ಹೇಳೋಕೆ ಹೋಗಿ ಬೈಸಿಕೊಂಡು ಬಂದೆ, ಅದು ಬೇರೆ ಕಥೆ :-)

"ಬೆಂಗಳೂರಲ್ಲಾದ್ರೆ ಸಿಗ್ತಾರೆ ಸಾರ್, ಬಳ್ಳಾರಿಯಲ್ಲಿ ಅಂಥೋರು ಎಲ್ಲಿ?" ಅಂತ ಎಲ್ಲರೂ ಕೇಳ್ತಾರೆ. ನನಗೆ ನಗು ಬರೋದು ಇಲ್ಲೇ. ವಿಜಯಪುರ, ಬಾಗಲಕೋಟೆ ಕಡೆ ಹೋಗಿ ನೋಡಿ. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡ್ತಾರೆ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಯಾವ ಕಡ್ಡಿಯಲ್ಲಿ ಎಷ್ಟನೇ ಕಣ್ಣಿನ ಮೇಲೆ ಕತ್ತರಿ ಇಡಬೇಕು ಅಂತ ಲೆಕ್ಕ ಹಾಕಿ ಕತ್ತರಿಸೋ ಕೂಲಿಯವರಿದ್ದಾರೆ. ಒಂದು ಕಣ್ಣು ಹೆಚ್ಚುಕಮ್ಮಿ ಆದ್ರೆ ಫಸಲು ಹೋಗುತ್ತೆ, ಹಾಗಾಗಿ ರೈತರು ಅವರನ್ನ ಹುಡುಕಿಕೊಂಡು ಹೋಗಿ ಕೂಲಿ ಕೊಟ್ಟು ಕರೆತರ್ತಾರೆ. ದಾಳಿಂಬೆಗೂ ಹಾಗೆ. ಮಾವಿನ ತೋಟದಲ್ಲಿ ಕೊಯ್ಲಾದ ಮೇಲೆ ಸವರ್ತಾರೆ. 2008ರಿಂದ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ ಇದೆ, ನಮ್ಮ ಪಕ್ಕದ ಮುನಿರಾಬಾದಿನಲ್ಲಿ ಅದರ ಕಾಲೇಜಿದೆ. ವಿದ್ಯೆ ಇಲ್ಲ ಅಂತಲ್ಲ, ಹಣ್ಣು ಕೊಡೋ ಗಿಡಕ್ಕೆ ಮಾತ್ರ ವಿದ್ಯೆ ಬೇಕು, ನೆರಳು ಕೊಡೋ ಗಿಡಕ್ಕೆ ಮಚ್ಚು ಸಾಕು ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೀವಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಪೇಟೆಯಲ್ಲಿ ಎ.ಸಿ. ಸರ್ವೀಸ್ ಮಾಡೋ ಹುಡುಗರು ಎಷ್ಟು ಜನ ಇದ್ರು? ನೀರು ಫಿಲ್ಟರ್ ರಿಪೇರಿಯವರು? ದುಡ್ಡು ಕೊಡೋರು ಹುಟ್ಟಿಕೊಂಡ್ರು, ಕಲಿಯೋರು ಹುಟ್ಟಿಕೊಂಡ್ರು.

ಮರಕ್ಕೆ ದುಡ್ಡು ಕೊಡೋಕೆ ಮಾತ್ರ ನಮಗೆ ಕೈ ಬರಲ್ಲ. ಗೃಹಪ್ರವೇಶಕ್ಕೆ ಹೋದ್ರೆ ಜಿಪ್ಸಂ ಸೀಲಿಂಗ್ ತೋರಿಸಿ ಇಷ್ಟು ಲಕ್ಷ ಅಂತಾರೆ. ಗೇಟಿನ ಹೊರಗೆ ಇರೋ ಹೊಂಗೆಗೆ ಮೊಳೆ ಹೊಡೆದು ಸೀರಿಯಲ್ ಸೆಟ್ಟು ಸುತ್ತಿರ್ತಾರೆ.

ಬುಡದ ಕಥೆ ಇನ್ನೂ ಚೆನ್ನಾಗಿದೆ. ಮರದ ಬೇರು ಪಾತಾಳಕ್ಕೆ ಹೋಗಿರುತ್ತೆ ಅಂತ ನಮ್ಮೆಲ್ಲರ ನಂಬಿಕೆ. ನೀರು, ಗಾಳಿ ಹೀರೋ ಬೇರುಗಳು ಬಹುಪಾಲು ಇರೋದು ಮೇಲಿನ ಎರಡಡಿ ಮಣ್ಣಲ್ಲಿ, ಅವು ಹರಡೋದು ಕೊಂಬೆಗಳ ನೆರಳನ್ನೂ ದಾಟಿ. ಬೇರಿಗೆ ಉಸಿರಾಡೋಕೆ ಗಾಳಿ ಬೇಕು. ನಾವು ಏನು ಮಾಡ್ತೀವಿ? ಕಾಂಪೌಂಡಿನಿಂದ ರಸ್ತೆ ತನಕ ಪೇವರ್ಸ್ ಹಾಕಿಸಿ, ಬೊಡ್ಡೆಗೆ ಒತ್ತಿ ಸಿಮೆಂಟು ಮೆತ್ತಿ, ಮೇಲೆ ಸುಣ್ಣ ಗೇರು ಪಟ್ಟೆ ಬಳಿದು ಅಲಂಕಾರ ಮಾಡ್ತೀವಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕಿತ್ತುಹಾಕಿ ಅಂತ ಆದೇಶ ಮಾಡ್ತು. ಕೋರ್ಟು ಹೇಳಬೇಕಾಯಿತು ನೋಡಿ, ಮರಕ್ಕೆ ಮಣ್ಣು ಬೇಕು ಅಂತ!

ಕೋರ್ಟು ಅಂದಾಗ ನೆನಪಾಯ್ತು. ಕರ್ನಾಟಕದಲ್ಲಿ 1976ರಿಂದ ವೃಕ್ಷ ಸಂರಕ್ಷಣೆಯ ಕಾಯ್ದೆ ಇದೆ. ತೆಂಗು, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯ್ತಿ ಬಿಟ್ರೆ, ನಿಮ್ಮ ಸ್ವಂತ ಕಾಂಪೌಂಡಿನ ಮರ ಕಡಿಯೋಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನಾನು ತೆಗೆದುಕೊಂಡಿದ್ದೆನಾ? ಇಲ್ಲ. ಅಂಥದ್ದೊಂದಿದೆ ಅಂತಲೇ ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಅಂತ ಕೇಳಿ ಮುಜುಗರ ಮಾಡಲ್ಲ.

ಇನ್ನು ಗಾರ್ಡನ್ ಕಾಂಟ್ರಾಕ್ಟರ್‌ಗಳು. ಹೊಸ ಮನೆ ಕಟ್ಟಿಸಿದೋರಿಗೆ ಇವರು ಮಾರೋದು ಎರಡು ವಸ್ತು. ಒಂದು ಲಾನು. ತುಂಗಭದ್ರೆಯ ಕಾಲುವೆ ನೀರನ್ನ ಕೆರೆಗೆ ತುಂಬಿಕೊಂಡು, ನಲ್ಲಿ ಬರೋ ದಿನಕ್ಕೆ ಕಾಯೋ ಊರಲ್ಲಿ, ಯಾರೂ ಕಾಲಿಡದ ಹುಲ್ಲಿಗೆ ದಿನಾ ಎರಡು ಹೊತ್ತು ಪೈಪು. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಊರೆಲ್ಲ ಎದೆ ಹಿಡ್ಕೊಂಡಿತ್ತಲ್ಲ, ಆವತ್ತೂ ನಾನು ಒಂದು ಮನೆ ಮುಂದೆ ಹುಲ್ಲಿಗೆ ನೀರು ಚಿಮ್ಮೋದು ನೋಡಿದೆ. ಎರಡನೇದು ಕೊನೊಕಾರ್ಪಸ್. ಬೇಗ ಬೆಳೆಯುತ್ತೆ, ಸದಾ ಹಸಿರು, ದನ ಮೇಯಲ್ಲ, ಎಲೆ ಉದುರಲ್ಲ ಅಂತ ಸಾಲಾಗಿ ನೆಡಿಸ್ತಾರೆ. ಪೈಪು, ಚರಂಡಿ ಹುಡುಕಿಕೊಂಡು ಬೇರು ಬಿಡುತ್ತೆ ಅಂತ, ಪರಾಗದಿಂದ ಅಲರ್ಜಿ ಅಂತ 2023ರಲ್ಲಿ ಗುಜರಾತ್ ಸರ್ಕಾರ ಅದನ್ನ ನೆಡೋದನ್ನೇ ನಿಷೇಧಿಸಿತು. ಬೇಗ ಬೆಳೆಯೋ, ದನ ಮೇಯದ, ಯಾವಾಗಲೂ ಹಸಿರಾಗಿರೋ ಗಿಡ ತಂದು ನೆಟ್ಟ ಕಥೆ ನಮಗೆ ಹೊಸದಲ್ಲ ಬಿಡಿ. ಮೆಕ್ಸಿಕೋ ಕಡೆಯಿಂದ ಬಂದ ಒಂದು ಮುಳ್ಳುಗಿಡ ಈಗ ಹೊಲ, ಹಳ್ಳ, ಕೆರೆ ಅಂಗಳ ಎಲ್ಲ ನುಂಗಿ ಕೂತಿದೆ, ಇಡೀ ಕರ್ನಾಟಕ ಅದನ್ನ ಕರೆಯೋದು 'ಬಳ್ಳಾರಿ ಜಾಲಿ' ಅಂತ. ನಮ್ಮೂರ ಹೆಸರು ಹೊತ್ತ ಏಕೈಕ ಮರ ಅದು. ಎಂಥಾ ಕೀರ್ತಿ!

ನನ್ನ ಜಗಳ ಕಡಿಯೋರ ಜೊತೆ ಮಾತ್ರ ಅಲ್ಲ. ಮರದ ಮೇಲೆ ಕವಿತೆ ಬರೆಯೋರ ಜೊತೆಗೂ ಇದೆ. ಹೌದು, ನಿಮ್ಮ ಜೊತೆಗೇ :-) ಜೂನ್ 5 ಬಂದ್ರೆ ಸಾಕು, ಮರ ತಾಯಿ, ಮರ ತಂದೆ, ಮರದ ಕಣ್ಣೀರು... ನಾನೂ ಬರೆದಿದ್ದೆ ಅಂತ ಒಪ್ಕೋತೀನಿ, ಅದೂ ಬೋಳಿಸಿದ ವರ್ಷವೇ. "ಒಂದು ಎಲೆಯನ್ನೂ ಕೀಳಬೇಡಿ" ಅನ್ನೋ ಭಾವುಕತೆ ಮರಕ್ಕೆ ಮಚ್ಚಿನಷ್ಟೇ ಅಪಾಯ. ಊರೊಳಗಿನ ಮರಕ್ಕೆ ಆರೈಕೆ ಬೇಕು. ಒಣಗಿದ ಟೊಂಗೆ ತೆಗೀಬೇಕು. ಒಂದೇ ಕಡೆ ಎರಡು ಬೊಡ್ಡೆ ಕವಲೊಡೆದು ನಡುವೆ ತೊಗಟೆ ಸಿಕ್ಕಿಕೊಂಡಿದ್ರೆ ಚಿಕ್ಕದಿದ್ದಾಗಲೇ ಒಂದನ್ನ ತೆಗೀಬೇಕು, ಇಲ್ಲಾಂದ್ರೆ ಇಪ್ಪತ್ತು ವರ್ಷದ ಮೇಲೆ ಗಾಳಿಯಲ್ಲಿ ಸೀಳಿ ಬೀಳುತ್ತೆ. ಗುಲ್‌ಮೊಹರ್, ಹಳದಿ ಹೂವಿನ ಕಾಪರ್‌ಪಾಡ್ ಇವುಗಳ ಟೊಂಗೆ ಮೊದಲೇ ಪೆಡಸು. ಬುಡ ಕೊಳೆತ ಮರ ಮನೆ ಮೇಲೆ ವಾಲಿದ್ರೆ ಅನುಮತಿ ತಗೊಂಡು ಪೂರ್ತಿ ತೆಗೆಸಿ, ನನ್ನ ತಕರಾರಿಲ್ಲ. ಬೊಬ್ಬೆ ಹೊಡೆದು ತಡೆದು ಆಮೇಲೆ ಅದು ಯಾರ ಮೇಲಾದ್ರೂ ಬಿದ್ರೆ ಕವಿತೆ ಬರೆದೋರು ಬರ್ತಾರಾ?

ಸಾಲುಮರದ ತಿಮ್ಮಕ್ಕನ ಹೆಸರು ಹೇಳದ ಕನ್ನಡಿಗರಿಲ್ಲ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ ಅಂತ ಎಲ್ಲರಿಗೂ ಸಂಖ್ಯೆ ಬಾಯಿಪಾಠ. ನೆಟ್ಟರು ಅಂತ ಹೇಳ್ತೀವಿ. ಆಕೆ ಮತ್ತು ಗಂಡ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದ್ದು, ವರ್ಷಗಟ್ಟಲೆ ಕಾದದ್ದು, ಆ ಕೆಲಸದ ಬಗ್ಗೆ ಯಾರೂ ಎರಡು ಸಾಲು ಹೆಚ್ಚಿಗೆ ಬರೆಯಲ್ಲ. ಬೆಂಗಳೂರಿನ ಹೂ ಮರಗಳ ಫೋಟೋ ಹಾಕೋರು ಕೃಂಬಿಗಲ್ ನೆನೆಸಿಕೊಳ್ತಾರೆ. ಒಂದಾದ ಮೇಲೊಂದು ಬೀದಿ ವರ್ಷಪೂರ್ತಿ ಹೂ ಬಿಡ್ತಾ ಇರಬೇಕು ಅಂತ ಮರಗಳನ್ನ ಆರಿಸಿದ ಜರ್ಮನ್ ತೋಟಗಾರ. ತೋಟಗಾರ ಅನ್ನೋದನ್ನ ಗಮನಿಸಿ. ಕಸುಬು ಕಲಿತು, ಆ ಕಸುಬಿಗೆ ಸಂಬಳ ತಗೊಂಡ ಮನುಷ್ಯ.

ನಮ್ಮ ಮರ ಈಗ ಎದೆಯೆತ್ತರದ ಮೋಟು. ಪೂರ್ತಿ ತೆಗೆಸೋಕೆ ಅಮ್ಮ ಒಪ್ತಿಲ್ಲ, ಅದರ ಮೇಲೆ ಕಾಗೆಗೆ ಅನ್ನ ಇಡ್ತಾಳೆ. ಪಕ್ಕದಲ್ಲಿ, ತಂತಿಯಿಂದ ಈಚೆ, ಒಂದು ಹೊಂಗೆ ಹಚ್ಚಿದ್ದೀನಿ. ಸುತ್ತ ನಾಲ್ಕು ಪೇವರ್ಸ್ ಕಿತ್ತೆ, ಅದಕ್ಕೆ ಮನೆಯಲ್ಲಿ ಒಂದು ವಾರ ಜಗಳ ಆಯ್ತು. ಒಂದು ಒಳ್ಳೆ ಗರಗಸ ತಂದಿಟ್ಟಿದ್ದೀನಿ, ಮಡಚೋದು. ಕೈಗೆ ಎಟುಕೋದು ನಾನೇ ತೆಗೀತೀನಿ, ಏಣಿ ಬೇಕಾದ್ದಕ್ಕೆ ಕೈ ಹಚ್ಚಲ್ಲ.

ಈ ಭಾನುವಾರ ಎದುರು ಮನೆಯವರ ಬೇವಿಗೆ ಕಟಿಂಗ್ ಅಂತೆ. ಅದೇ ಕಟ್ಟಿಗೆಯವನೇ ಬರ್ತಾನೆ. ಶನಿವಾರ ಸಂಜೆ ಅವರ ಮನೆಗೆ ಹೋಗಿ ಕೂತು ಮಾತಾಡಬೇಕು. ಕಟ್ಟಿಗೆ ಮಾತು ಎತ್ತಬೇಡಿ, ಮೂರು ಸಾವಿರ ಪೂರ್ತಿ ಕೊಡಿ, ಲೈನ್ ಬಂದ್ ಮಾಡೋಕೆ ಇವತ್ತೇ ಬರೆದುಕೊಡಿ, ಒಣಗಿದ್ದು ಮತ್ತೆ ತಂತಿ ಕಡೆಯ ಎರಡು ಟೊಂಗೆ ಮಾತ್ರ ತೆಗೆಸಿ, ನಾನೂ ಬಂದು ಕೆಳಗೆ ನಿಂತಿರ್ತೀನಿ ಅಂತ. ಸಾವಿರ ಹೆಚ್ಚಿಗೆ ಬಿದ್ರೆ ನಾನೇ ಕೊಡ್ತೀನಿ ಅಂತಲೂ ಹೇಳೋನಿದ್ದೀನಿ. ಹಗ್ಗ ನಂದೇ ಒಯ್ತೀನಿ, ಅವನ ಸೊಂಟಕ್ಕೆ. ಹೆಸರೂ ಕೇಳಬೇಕು.